ಚೀನಾದ ಗಾವ್‌ಕಾವ್: ಪರೀಕ್ಷೆ ಒಂದೇ, ಹುಟ್ಟಿನಿಂದಲೇ ಬೇರೆಯಾಗುವ ದಾರಿಗಳು

2024ರ ಜೂನ್ 7ರಂದು ಚೀನಾದಲ್ಲಿ ಶುರುವಾದ ಗಾವ್‌ಕಾವ್ ಪರೀಕ್ಷೆಗೆ ಹೆಸರು ಕೊಟ್ಟಿದ್ದವರು 1.34 ಕೋಟಿ ಮಂದಿ. ಹನ್ನೆರಡನೇ ತರಗತಿ ಮುಗಿಸಿದವರು ಕಾಲೇಜು ಸೇರಲು ಬರೆಯುವ ಪರೀಕ್ಷೆ ಇದು. ಬಹುಪಾಲು ಪ್ರಾಂತ್ಯಗಳಲ್ಲಿ ಒಟ್ಟು 750 ಅಂಕ. ಚೀನೀ ಭಾಷೆ, ಗಣಿತ, ವಿದೇಶಿ ಭಾಷೆಗೆ ತಲಾ 150, ಮಿಕ್ಕ 300 ಅಂಕ ವಿದ್ಯಾರ್ಥಿ ಆರಿಸಿಕೊಂಡ ವಿಜ್ಞಾನ ಇಲ್ಲವೇ ಸಮಾಜ ವಿಷಯಗಳಿಗೆ. ಪ್ರಶ್ನೆಪತ್ರಿಕೆಯನ್ನು ಸರ್ಕಾರದ ಅತಿ ರಹಸ್ಯ ಕಡತದಂತೆ ಕಾಯುತ್ತಾರೆ. ಉತ್ತರಪತ್ರಿಕೆ ಸ್ಕ್ಯಾನ್ ಆಗಿ, ಹೆಸರೂ ಊರೂ ಕಾಣದಂತೆ ಮೌಲ್ಯಮಾಪಕರ ಮುಂದೆ ಬರುತ್ತದೆ. ಪ್ರಬಂಧದಂಥ ಉತ್ತರಗಳಿಗೆ ಇಬ್ಬರು ಬೇರೆ ಬೇರೆಯಾಗಿ ಅಂಕ ಕೊಡುತ್ತಾರೆ. ಇಬ್ಬರ ನಡುವೆ ಅಂತರ ಹೆಚ್ಚಾದರೆ ಮೂರನೆಯವರು ನೋಡುತ್ತಾರೆ. ಅಧಿಕಾರಿಯ ಮಗನಾಗಲಿ ಕೂಲಿಯವರ ಮಗಳಾಗಲಿ, ಅಲ್ಲಿ ಒಂದೊಂದು ಬಾರ್‌ಕೋಡ್ ಅಷ್ಟೇ.

ಬಡವರ ಮಕ್ಕಳಿಗೆ ಇದಕ್ಕಿಂತ ನ್ಯಾಯವಾದ ಅವಕಾಶ ಇನ್ನೊಂದಿಲ್ಲ ಎಂದು ಚೀನಾದ ಜನ ನಂಬುತ್ತಾರೆ. ಪರೀಕ್ಷಾ ಕೊಠಡಿಯ ಮಟ್ಟಿಗೆ ಆ ನಂಬಿಕೆ ಸುಳ್ಳಲ್ಲ. ಆದರೆ ಆ ಕೊಠಡಿಯವರೆಗೆ ಯಾರು ಬಂದು ಮುಟ್ಟುತ್ತಾರೆ, ಗಳಿಸಿದ ಅಂಕಕ್ಕೆ ಯಾವ ಪ್ರಾಂತ್ಯದಲ್ಲಿ ಎಷ್ಟು ಬೆಲೆ, ಆ ಅಂಕ ಹಿಡಿದು ಯಾವ ಕಾಲೇಜಿಗೆ ಅರ್ಜಿ ಹಾಕಬೇಕು ಎಂಬ ತಿಳಿವಳಿಕೆ ಯಾರ ಮನೆಯಲ್ಲಿದೆ, ಇವೆಲ್ಲ ಬಹುಮಟ್ಟಿಗೆ ಅಪ್ಪ ಅಮ್ಮನಿಂದ ಬಂದ ಆಸ್ತಿ. ಕೆಲವೇ ದಿನಗಳ ಪರೀಕ್ಷೆ ಎಷ್ಟೇ ಪ್ರಾಮಾಣಿಕವಾಗಿದ್ದರೂ ಹದಿನೆಂಟು ವರ್ಷಗಳ ಅಂತರವನ್ನು ಅದು ಅಳಿಸದು. ಆ ಅಂತರ ಎಲ್ಲೆಲ್ಲಿ ಹುಟ್ಟುತ್ತದೆ ಎಂಬುದನ್ನು ಬಿಡಿಸಿ ನೋಡಬೇಕು.

ಹಣೆಪಟ್ಟಿಯ ಕಾಲ

ಕಮ್ಯುನಿಸ್ಟ್ ಚೀನಾದಲ್ಲಿ ಹುಟ್ಟಿನ ಲೆಕ್ಕ ಮೊದಲಿಗೆ ತಿರುಗುಮುರುಗಾಗಿತ್ತು. 1950ರ ಸುಮಾರಿನ ಭೂಸುಧಾರಣೆಯಲ್ಲಿ ಪ್ರತಿ ಕುಟುಂಬಕ್ಕೂ ಒಂದು ವರ್ಗ ನಿಗದಿಯಾಯಿತು: ಜಮೀನ್ದಾರ, ಶ್ರೀಮಂತ ರೈತ, ಮಧ್ಯಮ ರೈತ, ಬಡ ರೈತ. ಜಮೀನು ಹಂಚಿಹೋದ ಮೇಲೂ ಈ ಪಟ್ಟಿ ಉಳಿಯಿತು, ತಂದೆಯಿಂದ ಮಕ್ಕಳಿಗೆ ಇಳಿಯಿತು. ಜಮೀನ್ದಾರನ ಮೊಮ್ಮಗ ಒಂದು ಗುಂಟೆ ನೆಲ ಕಾಣದಿದ್ದರೂ ಕಡತದಲ್ಲಿ ಜಮೀನ್ದಾರ ಕುಲದವನೇ. 1966ರಲ್ಲಿ ಸಾಂಸ್ಕೃತಿಕ ಕ್ರಾಂತಿ ಆರಂಭವಾದಾಗ, ವೀರನ ಮಗ ವೀರ, ದ್ರೋಹಿಯ ಮಗ ದ್ರೋಹಿ ಎಂಬರ್ಥದ ದ್ವಿಪದಿಯನ್ನು ರೆಡ್ ಗಾರ್ಡ್ ಎಂಬ ಮಾವೊ ಬೆಂಬಲಿಗ ಪಡೆಯ ಹುಡುಗರು ಕೂಗುತ್ತಿದ್ದರು. ಅದನ್ನು ಖಂಡಿಸಿ ಲೇಖನ ಬರೆದ ಬೀಜಿಂಗ್‌ನ ಯುವಕ ಯು ಲುವೊಕನಿಗೆ ಹೆತ್ತವರ ಮೇಲಿದ್ದ ರಾಜಕೀಯ ಕಳಂಕದಿಂದಾಗಿ ಕಾಲೇಜಿನ ಬಾಗಿಲು ಮುಚ್ಚಿತ್ತು. 1970ರ ಮಾರ್ಚ್‌ನಲ್ಲಿ ಅವನನ್ನು ಗುಂಡಿಟ್ಟು ಕೊಂದರು. ಆಗ ಅವನಿಗೆ 27 ವರ್ಷ.

ಗಾವ್‌ಕಾವ್ ಕೂಡ 1966ರಲ್ಲೇ ನಿಂತುಹೋಯಿತು. 1970ರ ದಶಕದ ಆರಂಭದಲ್ಲಿ ಕಾಲೇಜುಗಳು ಮತ್ತೆ ತೆರೆದಾಗ ಪ್ರವೇಶ ಶಿಫಾರಸಿನ ಮೇಲೆ. ಕಾರ್ಮಿಕ, ರೈತ, ಸೈನಿಕ ಎಂಬ ಹೆಸರಿನಲ್ಲಿ ಕಮ್ಯೂನ್ (ಸಾಮೂಹಿಕ ಬೇಸಾಯದ ಘಟಕ) ಅಥವಾ ಕಾರ್ಖಾನೆ ಯಾರನ್ನು ಕಳಿಸಿತೋ ಅವರಿಗೆ ಸೀಟು. ಬಡವರಿಗೆಂದು ಹುಟ್ಟಿದ ಈ ವ್ಯವಸ್ಥೆಯಲ್ಲಿ ಸ್ಥಳೀಯ ಮುಖಂಡರ ಪರಿಚಯವಿದ್ದವರ ಮಕ್ಕಳು ಬೇಗನೆ ಮುಂದೆ ಬಂದರು. ಸಹಿ ಒಬ್ಬನ ಕೈಯಲ್ಲಿದ್ದಾಗ ಆಗುವುದು ಅದೇ. 1977ರ ಆಗಸ್ಟ್‌ನಲ್ಲಿ ಕಮ್ಯುನಿಸ್ಟ್ ನಾಯಕ ಡೆಂಗ್ ಶಿಯಾವೊಪಿಂಗ್ ಪರೀಕ್ಷೆಯನ್ನು ಮರಳಿ ತರಲು ನಿರ್ಧರಿಸಿ, ಕುಟುಂಬದ ಹಿನ್ನೆಲೆಗಿಂತ ಅಭ್ಯರ್ಥಿಯ ಸ್ವಂತ ನಡತೆ ನೋಡಿ ಎಂದರು. ಆ ಚಳಿಗಾಲದಲ್ಲಿ ಸುಮಾರು 57 ಲಕ್ಷ ಜನ ಬರೆದರು, 2.7 ಲಕ್ಷ ಜನರಿಗೆ ಸೀಟು ಸಿಕ್ಕಿತು, ನೂರಕ್ಕೆ ಐವರಿಗೂ ಕಡಿಮೆ. 1979ರಲ್ಲಿ ಜಮೀನ್ದಾರ ಪಟ್ಟಿಯನ್ನೂ ಕಿತ್ತುಹಾಕಲಾಯಿತು. ಇಂದಿಗೂ ಪರೀಕ್ಷೆ ಬೇಡ ಎಂದರೆ ಚೀನಾದ ಜನ ಸಿಡಿದೇಳುವುದು ಈ ನೆನಪಿನಿಂದ. ಪರೀಕ್ಷೆ ಇಲ್ಲದ ಕಾಲದಲ್ಲಿ ಬಡವರಿಗೆ ಏನಾಯಿತೆಂದು ಅವರು ಕಂಡಿದ್ದಾರೆ.

ಕಿಸೆಯೊಳಗಿನ ಆ ಪುಸ್ತಕ

ವರ್ಗದ ಪಟ್ಟಿ ಹೋಯಿತು, ಹುಕೌ ಎಂಬ ಕುಟುಂಬ ನೋಂದಣಿ ಉಳಿಯಿತು. 1958ರ ಜನವರಿಯ ಕಾನೂನು ಪ್ರತಿ ಕುಟುಂಬವನ್ನೂ ಒಂದು ಊರಿಗೆ, ಕೃಷಿ ಅಥವಾ ಕೃಷಿಯೇತರ ಎಂಬ ಒಂದು ದರ್ಜೆಗೆ ಕಟ್ಟಿಹಾಕಿತು. ಪಡಿತರ, ಮನೆ, ನೌಕರಿ, ಶಾಲೆ ಎಲ್ಲವೂ ಅದಕ್ಕೆ ಅಂಟಿಕೊಂಡವು. ಮನೆಗೊಂದು ಹುಕೌ ಪುಸ್ತಕ, ಅದರಲ್ಲಿ ತಲೆಗೊಂದು ಹಾಳೆ. ಹಾಳೆಯಲ್ಲಿ ಮನೆಯ ಯಜಮಾನನಿಗೆ ಏನಾಗಬೇಕು, ಜನಾಂಗ ಯಾವುದು, ಹುಟ್ಟಿದ ಸ್ಥಳ ಯಾವುದು ಎಂಬ ಕಲಮುಗಳು. ಮೂಲ ಊರು ಎಂಬ ಇನ್ನೊಂದು ಕಲಮೂ ಇದೆ. ಅಲ್ಲಿ ಬರೆಯುವುದು ಮಗು ಹುಟ್ಟಿದ ಊರನ್ನಲ್ಲ, ಅದರ ತಾತ ವಾಸವಿದ್ದ ಊರನ್ನು. ಶಾಂಘೈ ಆಸ್ಪತ್ರೆಯಲ್ಲಿ ಹುಟ್ಟಿ ಶಾಂಘೈಯಲ್ಲೇ ಬೆಳೆದರೂ, ಹೆತ್ತವರ ಹುಕೌ ಅನ್‌ಹುಯ್ ಪ್ರಾಂತ್ಯದ ಹಳ್ಳಿಯಲ್ಲಿದ್ದರೆ ಮಗು ಅನ್‌ಹುಯ್‌ನದು. 1998ರವರೆಗೆ ಮಗುವಿಗೆ ತಾಯಿಯ ಹುಕೌ ಮಾತ್ರ ಬರುತ್ತಿತ್ತು. ಹಾಗಾಗಿ ತಂದೆ ನಗರದ ನೌಕರನಾಗಿದ್ದರೂ ತಾಯಿ ರೈತಳಾಗಿದ್ದರೆ ಮಗು ರೈತನೇ. ಆ ದಿನಗಳಲ್ಲಿ ಹಳ್ಳಿಯ ಹುಕೌ ಕಳಚಿಕೊಳ್ಳಲು ಇದ್ದ ನಂಬಿಕಸ್ಥ ದಾರಿ ಕಾಲೇಜು ಪ್ರವೇಶ. ಸೀಟು ಸಿಕ್ಕರೆ ಹುಕೌ ಕೂಡ ಕಾಲೇಜಿನ ಊರಿಗೆ ವರ್ಗವಾಗುತ್ತಿತ್ತು.

2014ರಲ್ಲಿ ಕೃಷಿ, ಕೃಷಿಯೇತರ ಎಂಬ ಭೇದವನ್ನು ಕಾಗದದ ಮೇಲೆ ತೆಗೆದರು. ಊರಿನ ಕಟ್ಟು ಹಾಗೇ ಇದೆ. 2020ರ ಜನಗಣತಿಯ ಹೊತ್ತಿಗೆ ಹುಕೌ ಒಂದೆಡೆ, ಬದುಕು ಇನ್ನೊಂದೆಡೆ ಎಂಬ ವಲಸಿಗರ ಸಂಖ್ಯೆ 37.6 ಕೋಟಿ. ನಗರಗಳಲ್ಲಿ ವಾಸವಿರುವವರು ನೂರಕ್ಕೆ 64, ನಗರದ ಹುಕೌ ಇರುವವರು ನೂರಕ್ಕೆ 45. ಈ ಎರಡು ಅಂಕಿಗಳ ನಡುವೆ ಸಿಕ್ಕಿಕೊಂಡಿರುವ ಮಕ್ಕಳ ಪಾಡು ಅತ್ಯಂತ ಕಷ್ಟದ್ದು.

ಅಂಥ ಮಗುವಿಗೆ ಬೀಜಿಂಗ್‌ನಲ್ಲಿ ಸರ್ಕಾರಿ ಪ್ರಾಥಮಿಕ ಶಾಲೆ ಬೇಕೆಂದರೆ ಹೆತ್ತವರು ಐದು ದಾಖಲೆ ಒದಗಿಸಬೇಕಾಗಿತ್ತು: ವಾಸದ ಪರವಾನಗಿ, ಕೆಲಸದ ಪುರಾವೆ, ಮನೆಯ ಪುರಾವೆ, ಹುಕೌ ಪುಸ್ತಕ, ಮತ್ತು ಊರಿನಲ್ಲಿ ಮಗುವನ್ನು ನೋಡಿಕೊಳ್ಳುವವರು ಯಾರೂ ಇಲ್ಲ ಎಂಬ ಪತ್ರ. ನೆಲಮಾಳಿಗೆಯ ಕೋಣೆಯಲ್ಲಿ ಕರಾರಿಲ್ಲದೆ ಬಾಡಿಗೆಗಿರುವ ತರಕಾರಿ ವ್ಯಾಪಾರಿಗೆ ಮನೆಯ ಪುರಾವೆ ಎಲ್ಲಿಂದ ಬರಬೇಕು? ದಿನಗೂಲಿಯವನಿಗೆ ಕೆಲಸದ ಪುರಾವೆ ಯಾರು ಕೊಡುತ್ತಾರೆ? ಒಂದು ಕಾಗದ ತಪ್ಪಿದರೆ ಮಗು ಊರಿಗೆ ಹೋಗಬೇಕು, ಇಲ್ಲವೇ ವಲಸಿಗರಿಗೆಂದೇ ಇರುವ ಖಾಸಗಿ ಶಾಲೆಗೆ. 2011ರ ಬೇಸಿಗೆಯಲ್ಲಿ ಅಂಥ ಇಪ್ಪತ್ತಕ್ಕೂ ಹೆಚ್ಚು ಶಾಲೆಗಳನ್ನು ಬೀಜಿಂಗ್ ಆಡಳಿತ ಮುಚ್ಚಿಸಿತು.

ಶಾಲೆ ಸಿಕ್ಕಿತು ಎಂದಿಟ್ಟುಕೊಳ್ಳಿ. ಗಾವ್‌ಕಾವ್ ಮಾತ್ರ ಹುಕೌ ಇರುವ ಪ್ರಾಂತ್ಯದಲ್ಲೇ ಬರೆಯಬೇಕೆಂಬುದು ಮೂಲ ನಿಯಮ. 2012ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ವಲಸಿಗರ ಮಕ್ಕಳಿಗೂ ಇದ್ದಲ್ಲೇ ಬರೆಯಲು ದಾರಿ ಮಾಡಿಕೊಡಿ ಎಂದಿತು, ಷರತ್ತುಗಳನ್ನು ಪ್ರಾಂತ್ಯಗಳಿಗೇ ಬಿಟ್ಟಿತು. ಷರತ್ತು ಬರೆಯುವ ಕೈ ಸ್ಥಳೀಯರದ್ದಾದಾಗ ಅದು ಯಾರ ಪರ ಎಂದು ಹೇಳಬೇಕಿಲ್ಲ. ಗುವಾಂಗ್‌ಡಾಂಗ್‌ನಲ್ಲಿ ಹೆತ್ತವರಿಗೆ ಸ್ಥಿರ ಉದ್ಯೋಗ, ಮೂರು ವರ್ಷದ ವಾಸಪತ್ರ, ಮೂರು ವರ್ಷದ ಸಾಮಾಜಿಕ ವಿಮೆ ಇರಬೇಕು, ಮಗು ಅಲ್ಲೇ ಮೂರು ವರ್ಷ ಪ್ರೌಢಶಿಕ್ಷಣ ಮುಗಿಸಿರಬೇಕು. ಶಾಂಘೈಯಲ್ಲಿ ವಾಸಪತ್ರಕ್ಕೆ ಅಂಕ ಪದ್ಧತಿಯಿದೆ: ಪದವಿ, ವಯಸ್ಸು, ವಿಮೆ, ಹುದ್ದೆ ಎಲ್ಲ ಸೇರಿ 120 ಅಂಕವಾದರೆ ಮಗುವಿಗೆ ಪರೀಕ್ಷೆಯ ಹಕ್ಕು. ತಂದೆಗೆ ಪದವಿ ಇದ್ದರೆ ಆ ಅಂಕ ಸುಲಭ, ಗಾರೆ ಕೆಲಸದವನಿಗೆ ಕನಸು. ಅಪ್ಪನ ಡಿಗ್ರಿ ಮಗಳ ಡಿಗ್ರಿಗೆ ಅರ್ಹತೆಯಾಗುವುದು ಇಷ್ಟು ನೇರವಾಗಿ ಬೇರೆಲ್ಲೂ ಕಾಣದು. ಬೀಜಿಂಗ್ ಇನ್ನೂ ಬಿಗಿ. ಷರತ್ತು ಪೂರೈಸಿದ ವಲಸಿಗರ ಮಕ್ಕಳಿಗೂ ಅಲ್ಲಿ ತೆರೆದದ್ದು ಮುಖ್ಯವಾಗಿ ವೃತ್ತಿಪರ ಡಿಪ್ಲೊಮಾ ಕಾಲೇಜುಗಳ ಬಾಗಿಲು.

ಹೀಗಾಗಿ ಹದಿನಾಲ್ಕು ಹದಿನೈದನೇ ವಯಸ್ಸಿಗೆ ಮಕ್ಕಳು ತಾವು ಬದುಕೇ ಮಾಡಿರದ ಊರಿಗೆ ಮರಳುತ್ತಾರೆ. ಬೀಜಿಂಗ್, ಶಾಂಘೈ, ಟಿಯಾಂಜಿನ್ ತಮ್ಮದೇ ಪ್ರಶ್ನೆಪತ್ರಿಕೆ ತಯಾರಿಸುವುದರಿಂದ ಅಲ್ಲಿ ಕಲಿತ ಪಾಠಕ್ರಮ ಊರಿನ ಪರೀಕ್ಷೆಗೆ ಪೂರ್ತಿ ಹೊಂದುವುದಿಲ್ಲ. ಅಪ್ಪ ಅಮ್ಮ ನಗರದಲ್ಲಿ, ಮಗು ಅಜ್ಜಿಯ ಬಳಿ ಅಥವಾ ಹಾಸ್ಟೆಲಿನಲ್ಲಿ.

ಒಂದು ಅಂಕದ ಬೆಲೆ

ಸೀಟುಗಳ ಹಂಚಿಕೆಯನ್ನು ಅರಿಯದೆ ಈ ವಿಷಯ ಅರ್ಥವಾಗುವುದಿಲ್ಲ. ರಾಷ್ಟ್ರವ್ಯಾಪಿ ಒಂದೇ ಮೆರಿಟ್ ಪಟ್ಟಿ ಚೀನಾದಲ್ಲಿಲ್ಲ. ಪ್ರತಿ ವಿಶ್ವವಿದ್ಯಾಲಯ ಪ್ರತಿ ವರ್ಷ ಯಾವ ಪ್ರಾಂತ್ಯಕ್ಕೆ ಎಷ್ಟು ಸೀಟು ಎಂದು ಮೊದಲೇ ಗೊತ್ತುಮಾಡುತ್ತದೆ. ಅಭ್ಯರ್ಥಿಯ ಸ್ಪರ್ಧೆ ತನ್ನ ಪ್ರಾಂತ್ಯದವರೊಡನೆ ಮಾತ್ರ. 1998ರ 985 ಯೋಜನೆಯಲ್ಲಿ ಆಯ್ಕೆಯಾಗಿ ಅಪಾರ ಅನುದಾನ ಪಡೆದ 39 ವಿಶ್ವವಿದ್ಯಾಲಯಗಳಲ್ಲಿ 8 ಬೀಜಿಂಗ್‌ನಲ್ಲಿವೆ. ಹತ್ತು ಕೋಟಿ ಜನರಿರುವ ಹೆನಾನ್‌ನಲ್ಲಿ ಒಂದೂ ಇಲ್ಲ. ಅದಕ್ಕಿಂತ ವಿಸ್ತಾರವಾದ 211 ಯೋಜನೆಯ ಪಟ್ಟಿಯಲ್ಲೂ ಹೆನಾನ್‌ಗೆ ದಕ್ಕಿದ್ದು ಝೆಂಗ್‌ಝೌ ವಿಶ್ವವಿದ್ಯಾಲಯ ಒಂದೇ. ಇದರ ಬೇರು ಹಳೆಯದು. 1952ರ ಪುನರ್ವಿಂಗಡಣೆಯಲ್ಲಿ ಹೆನಾನ್ ವಿಶ್ವವಿದ್ಯಾಲಯದ ಕೃಷಿ, ವೈದ್ಯಕೀಯ ಮೊದಲಾದ ವಿಭಾಗಗಳನ್ನು ಬೇರ್ಪಡಿಸಿದ್ದರಿಂದ ಅದು ಮೊದಲಿನ ತೂಕ ಕಳೆದುಕೊಂಡಿತು.

2024ರಲ್ಲಿ ಹೆನಾನ್‌ನಿಂದ ಗಾವ್‌ಕಾವ್‌ಗೆ ಹೆಸರು ಕೊಟ್ಟವರು ಸುಮಾರು 13.6 ಲಕ್ಷ, ಬೀಜಿಂಗ್‌ನಲ್ಲಿ ಸುಮಾರು 67 ಸಾವಿರ. ಈಗ ಒಂದು ಕಾಲ್ಪನಿಕ ಲೆಕ್ಕ ಹಾಕಿ ನೋಡಿ. ಬೀಜಿಂಗ್‌ನ ಒಂದು ವಿಶ್ವವಿದ್ಯಾಲಯ ವರ್ಷಕ್ಕೆ 4,000 ಮಂದಿಯನ್ನು ಸೇರಿಸಿಕೊಳ್ಳುತ್ತದೆ, ಬೀಜಿಂಗ್‌ಗೆ ಶೇ. 10, ಹೆನಾನ್‌ಗೆ ಶೇ. 5 ಕೊಡುತ್ತದೆ ಎನ್ನೋಣ. ಕಾಗದದ ಮೇಲೆ ಇದು ಎರಡಕ್ಕೆ ಒಂದರ ವ್ಯತ್ಯಾಸ. ಆದರೆ ಬೀಜಿಂಗ್‌ನಲ್ಲಿ 400 ಸೀಟಿಗೆ 67 ಸಾವಿರ ಮಂದಿ, ಅಂದರೆ ಸುಮಾರು 170 ಜನರಿಗೆ ಒಂದು ಸೀಟು. ಹೆನಾನ್‌ನಲ್ಲಿ 200 ಸೀಟಿಗೆ 13.6 ಲಕ್ಷ, ಅಂದರೆ 6,800 ಜನರಿಗೆ ಒಂದು. ಅಂತರ ನಲವತ್ತು ಪಟ್ಟು. ಶಿಕ್ಷಣ ಸಚಿವಾಲಯದ ನೇರ ಅಧೀನದ ವಿಶ್ವವಿದ್ಯಾಲಯಗಳು ಸ್ಥಳೀಯ ಪ್ರಾಂತ್ಯಕ್ಕೆ ಶೇ. 30ಕ್ಕಿಂತ ಹೆಚ್ಚು ಸೀಟು ಕೊಡಬಾರದೆಂಬ ಸೂಚನೆ ಇದೆ. ಅಭ್ಯರ್ಥಿಗಳ ಸಂಖ್ಯೆಯನ್ನು ಎಣಿಸದೆ ಬರೀ ಶೇಕಡಾವಾರು ನೋಡುವ ಅಂಥ ಮಿತಿಯಿಂದ ಹೆನಾನ್‌ಗೆ ಆಗುವ ಉಪಕಾರ ಅಲ್ಪ.

ಸ್ಥಳೀಯರಿಗೆ ಹೆಚ್ಚು ಪಾಲು ಯಾಕೆ ಎಂದರೆ, ಹಣ. ವಿಶ್ವವಿದ್ಯಾಲಯಕ್ಕೆ ಜಾಗ, ಅನುದಾನ, ರಸ್ತೆ, ನೀರು ಒದಗಿಸುವುದು ಸ್ಥಳೀಯ ಸರ್ಕಾರ. ಜಂಟಿ ಒಪ್ಪಂದದಲ್ಲಿ ಅದು ಪ್ರತಿಯಾಗಿ ಸೀಟು ಕೇಳುತ್ತದೆ. 2001ರಲ್ಲಿ ಶಾನ್‌ಡಾಂಗ್ ಪ್ರಾಂತ್ಯದ ಚಿಂಗ್‌ಡಾವೊ ನಗರದ ಮೂವರು ವಿದ್ಯಾರ್ಥಿನಿಯರು ಈ ಹಂಚಿಕೆ ಸಮಾನತೆಯ ಹಕ್ಕಿಗೆ ವಿರುದ್ಧ ಎಂದು ಶಿಕ್ಷಣ ಸಚಿವಾಲಯದ ಮೇಲೆಯೇ ಸರ್ವೋಚ್ಚ ಜನತಾ ನ್ಯಾಯಾಲಯಕ್ಕೆ ಹೋದರು. ದಾವೆ ಮುಂದುವರಿಯಲಿಲ್ಲ, ಪ್ರಶ್ನೆ ಮಾತ್ರ ದೇಶದ ತುಂಬ ಹರಡಿತು.

ಪರೀಕ್ಷೆಗೆ ಮೂರು ವರ್ಷ ಮೊದಲೇ ನಡೆಯುವ ಜರಡಿ

ಹೊರಗಿನವರು ಗಾವ್‌ಕಾವ್ ಒಂದನ್ನೇ ನೋಡುತ್ತಾರೆ. ಹಳ್ಳಿಯ ಮಗುವಿಗೆ ನಿಜವಾದ ಗಂಡಾಂತರ ಒಂಬತ್ತನೇ ತರಗತಿಯ ಕೊನೆಗೆ ಬರುವ ಝೋಂಗ್‌ಕಾವ್ ಎಂಬ ಪ್ರೌಢಶಾಲಾ ಪ್ರವೇಶ ಪರೀಕ್ಷೆ. ಕಡ್ಡಾಯ ಶಿಕ್ಷಣ ಒಂಬತ್ತು ವರ್ಷಕ್ಕೆ ಮುಗಿಯುತ್ತದೆ. ಅಲ್ಲಿಂದ ಮುಂದೆ ಸರಿಸುಮಾರು ಅರ್ಧದಷ್ಟು ಮಕ್ಕಳು ಸಾಮಾನ್ಯ ಪ್ರೌಢಶಾಲೆಗೆ (ಹತ್ತರಿಂದ ಹನ್ನೆರಡನೇ ತರಗತಿ), ಮಿಕ್ಕವರು ವೃತ್ತಿಶಾಲೆಗೆ ಎಂಬ ಹಂಚಿಕೆ ಬಹುಕಾಲ ಸರ್ಕಾರಿ ನೀತಿಯೇ ಆಗಿತ್ತು. ವೃತ್ತಿಶಾಲೆಗೆ ಹೋದವರಿಗೆ ಒಳ್ಳೆಯ ವಿಶ್ವವಿದ್ಯಾಲಯದ ದಾರಿ ಬಹುತೇಕ ಮುಚ್ಚಿದಂತೆ. ಯಾವುದಕ್ಕೂ ಸೇರದೆ ಕೆಲಸಕ್ಕೆ ಹೋಗುವವರೂ ಇದ್ದಾರೆ. ಇವರ್ಯಾರೂ ಗಾವ್‌ಕಾವ್‌ನ ಸೋಲಿನ ಲೆಕ್ಕಕ್ಕೆ ಬರುವುದಿಲ್ಲ, ಏಕೆಂದರೆ ಆ ಕೊಠಡಿಯ ಮೆಟ್ಟಿಲನ್ನೇ ಅವರು ಹತ್ತಿರುವುದಿಲ್ಲ.

ಹದಿನೈದರ ವಯಸ್ಸಿಗೆ ಹಳ್ಳಿಯ ಮಗು ಹಿಂದೆ ಬೀಳಲು ಕಾರಣಗಳು ಪುಸ್ತಕಕ್ಕಿಂತ ಮೊದಲೇ ಶುರುವಾಗುತ್ತವೆ. ಮಕ್ಕಳ ಸಂಖ್ಯೆ ಇಳಿಯಿತೆಂದು 2001ರ ನಂತರದ ದಶಕದಲ್ಲಿ ಹಳ್ಳಿಯ ಪ್ರಾಥಮಿಕ ಶಾಲೆಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟನ್ನು ಮುಚ್ಚಿ ಪಟ್ಟಣದ ಶಾಲೆಗಳಿಗೆ ಸೇರಿಸಿದರು. ಆರೇಳು ವರ್ಷದ ಮಕ್ಕಳು ಮೈಲುಗಟ್ಟಲೆ ನಡೆಯಬೇಕಾಯಿತು ಅಥವಾ ಹಾಸ್ಟೆಲ್ ಸೇರಬೇಕಾಯಿತು. 2012ರಲ್ಲಿ ಈ ವಿಲೀನಕ್ಕೆ ತಡೆ ಬಿತ್ತು. ಅಷ್ಟರಲ್ಲಿ ಆಗಬೇಕಾದ ಹಾನಿ ಆಗಿತ್ತು. ಹೊಟ್ಟೆಯ ವಿಷಯ ಇನ್ನೊಂದು. 2011ರಲ್ಲಿ ಬಡ ಪ್ರದೇಶಗಳ ಶಾಲಾ ಮಕ್ಕಳಿಗೆ ದಿನಕ್ಕೆ 3 ಯುವಾನ್‌ನ ಊಟದ ಅನುದಾನ ಬಂತು, 2014ರಲ್ಲಿ 4 ಆಯಿತು, 2021ರಲ್ಲಿ 5. ಗನ್ಸು, ಶಾನ್ಶಿ ಭಾಗದ ಶಾಲೆಗಳಲ್ಲಿ ನಡೆದ ದೊಡ್ಡ ಪ್ರಯೋಗವೊಂದರಲ್ಲಿ ದೂರದೃಷ್ಟಿ ಮಂಕಾದ ಮಕ್ಕಳಲ್ಲಿ ಬಹುಪಾಲು ಜನರ ಬಳಿ ಕನ್ನಡಕವೇ ಇರಲಿಲ್ಲ. ಕನ್ನಡಕ ಹಾಕಿದರೆ ಕಣ್ಣು ಇನ್ನೂ ಕೆಡುತ್ತದೆ ಎಂದು ಹಿರಿಯರು ನಂಬಿದ್ದರು. ಉಚಿತವಾಗಿ ಕನ್ನಡಕ ಕೊಟ್ಟಾಗ ಗಣಿತದ ಅಂಕ ಏರಿತು. ಬೋರ್ಡು ಕಾಣದ ಮಗುವನ್ನು ದಡ್ಡ ಎಂದು ಬರೆದುಕೊಂಡು ವೃತ್ತಿಶಾಲೆಗೆ ಕಳಿಸಿದರೆ ಅದಕ್ಕಿಂತ ಅನ್ಯಾಯ ಇನ್ನೇನಿದೆ?

ಜೊತೆಗೆ, ಹೆತ್ತವರು ಬಿಟ್ಟುಹೋದ ಮಕ್ಕಳು. ತಂದೆ ತಾಯಿ ಇಬ್ಬರೂ ದುಡಿಯಲು ಹೋಗಿ, ಅಥವಾ ಒಬ್ಬರು ಹೋಗಿ ಇದ್ದವರಿಗೆ ನೋಡಿಕೊಳ್ಳುವ ಶಕ್ತಿಯಿಲ್ಲದೆ ಹಳ್ಳಿಯಲ್ಲಿ ಉಳಿದ, 16ಕ್ಕಿಂತ ಕಡಿಮೆ ವಯಸ್ಸಿನವರು 2016ರ ಸರ್ಕಾರಿ ಎಣಿಕೆಯಲ್ಲೇ 90 ಲಕ್ಷ. ಹೆಚ್ಚಿನವರಿಗೆ ಅಜ್ಜ ಅಜ್ಜಿಯೇ ಗತಿ. ಹೊತ್ತಿಗೆ ಊಟ ಹಾಕಿ ಸಾಕುವುದರಲ್ಲಿ ಅವರು ಕೊರತೆ ಮಾಡುವುದಿಲ್ಲ, ಆದರೆ ಏಳನೇ ತರಗತಿಯ ಇಂಗ್ಲಿಷನ್ನು ಹೇಳಿಕೊಡುವುದು ಅವರಿಂದ ಆಗದ ಕೆಲಸ.

ಇಷ್ಟೆಲ್ಲ ದಾಟಿ ಪ್ರೌಢಶಾಲೆಗೆ ಬಂದವರು ಸೇರುವುದು ಕೌಂಟಿ ಶಾಲೆಗೆ. ಕೌಂಟಿ ಎಂದರೆ ನಮ್ಮ ತಾಲ್ಲೂಕಿಗೆ ಹತ್ತಿರದ ಘಟಕ. ಎರಡು ದಶಕಗಳಿಂದ ಈ ಶಾಲೆಗಳು ಕುಸಿಯುತ್ತಿವೆ. ಪ್ರಾಂತ್ಯದ ರಾಜಧಾನಿಯ ಅಥವಾ ದೊಡ್ಡ ನಗರದ ಶಾಲೆಗಳು ಕೌಂಟಿಯ ಜಾಣ ಮಕ್ಕಳನ್ನು ಶುಲ್ಕ ಮಾಫಿ ಆಸೆ ತೋರಿಸಿ ಸೆಳೆಯುತ್ತವೆ. ಮಕ್ಕಳ ಹಿಂದೆ ಒಳ್ಳೆಯ ಮೇಷ್ಟ್ರುಗಳೂ ಹೋಗುತ್ತಾರೆ. ಫಲಿತಾಂಶ ಬೀಳುತ್ತದೆ, ಮುಂದಿನ ವರ್ಷ ಇನ್ನಷ್ಟು ಮಕ್ಕಳು ಹೋಗುತ್ತಾರೆ. ಹೆಬೈ ಪ್ರಾಂತ್ಯದ ಹೆಂಗ್‌ಶುಯ್ ಶಾಲೆ ಇಂಥ ದೈತ್ಯ ಶಾಲೆಗಳಲ್ಲಿ ಹೆಸರುವಾಸಿ. ಅನ್‌ಹುಯ್‌ನ ಮಾವೊಟಾನ್‌ಚಾಂಗ್ ಎಂಬ ಸಣ್ಣ ಪಟ್ಟಣವಂತೂ ಶಾಲೆಯ ಮೇಲೆಯೇ ಬದುಕುತ್ತದೆ; ಅಲ್ಲಿ ತಾಯಂದಿರು ಕೆಲಸ ಬಿಟ್ಟು ಕೋಣೆ ಬಾಡಿಗೆ ಹಿಡಿದು ಮಕ್ಕಳಿಗೆ ಅಡುಗೆ ಮಾಡಿಕೊಂಡು ಇರುತ್ತಾರೆ. 2021ರ ಡಿಸೆಂಬರ್‌ನಲ್ಲಿ ಸರ್ಕಾರ ಕೌಂಟಿ ಶಾಲೆಗಳನ್ನು ಎತ್ತುವ ಯೋಜನೆ ತಂದು, ಗಡಿ ದಾಟಿ ಮಕ್ಕಳನ್ನು ಸೆಳೆಯುವುದನ್ನು ನಿಷೇಧಿಸಿತು.

ಇದೇ ಹೊತ್ತಿಗೆ ನಗರದ ಮಧ್ಯಮವರ್ಗ ಏನು ಮಾಡುತ್ತದೆ? ಮನೆ ಕೊಳ್ಳುತ್ತದೆ. ಮನೆಯ ಹತ್ತಿರದ ಶಾಲೆಗೆ ಪ್ರವೇಶ ಎಂಬುದು ಸಮಾನತೆಗೆಂದು ಮಾಡಿದ ನಿಯಮ. ಅದರಿಂದ ಒಳ್ಳೆಯ ಶಾಲೆಯ ಸುತ್ತಲಿನ ಮನೆಗಳ ಬೆಲೆ ಗಗನಕ್ಕೇರಿತು. ಬೀಜಿಂಗ್‌ನ ಶಿಚೆಂಗ್, ಹೈಡಿಯನ್ ಭಾಗಗಳಲ್ಲಿ ಹಳೆಯ, ಲಿಫ್ಟ್ ಇಲ್ಲದ ಪುಟ್ಟ ಫ್ಲ್ಯಾಟುಗಳೂ ಚದರ ಮೀಟರಿಗೆ 1 ಲಕ್ಷ ಯುವಾನ್ ದಾಟಿದವು. ವಾಸಕ್ಕಲ್ಲ, ಶಾಲೆಯ ವಿಳಾಸಕ್ಕೆ ಕೊಟ್ಟ ಬೆಲೆ ಅದು. 2020ರಿಂದ ಶಿಚೆಂಗ್‌ನಲ್ಲಿ ಹೊಸದಾಗಿ ಮನೆ ಕೊಂಡವರಿಗೆ ಒಂದೇ ಶಾಲೆಯ ಖಾತರಿ ಇಲ್ಲ, ಹಲವು ಶಾಲೆಗಳಲ್ಲಿ ಯಾವುದಾದರೂ ಸಿಗಬಹುದು ಎಂದು ನಿಯಮ ಬದಲಾಯಿತು. 2021ರ ಜುಲೈನಲ್ಲಿ ಲಾಭಕ್ಕಾಗಿ ನಡೆಯುವ ಟ್ಯೂಷನ್ ಕಂಪನಿಗಳನ್ನು ಶಾಲಾ ವಿಷಯಗಳಿಂದ ಹೊರಹಾಕಿದರು. ಉದ್ದೇಶ ಒಳ್ಳೆಯದಿತ್ತು. ನೂರಾರು ಮಕ್ಕಳ ಅಗ್ಗದ ತರಗತಿಗಳು ಮುಚ್ಚಿದವು, ಮನೆಗೆ ಬಂದು ಒಬ್ಬರಿಗೇ ಪಾಠ ಹೇಳುವ ದುಬಾರಿ ಶಿಕ್ಷಕರು ಗುಟ್ಟಾಗಿ ಉಳಿದರು. ಕೊಡಬಲ್ಲವರಿಗೆ ಟ್ಯೂಷನ್ ತಪ್ಪಲಿಲ್ಲ.

ಬಾಗಿಲು ಅಗಲವಾಯಿತು, ಮಹಡಿಗಳೂ ಹೆಚ್ಚಾದವು

1998ರಲ್ಲಿ ಕಾಲೇಜು ವಯಸ್ಸಿನವರಲ್ಲಿ ಉನ್ನತ ಶಿಕ್ಷಣದ ಒಟ್ಟು ದಾಖಲಾತಿ ಶೇ. 10ರ ಆಸುಪಾಸು. 1999ರಲ್ಲಿ ಒಂದೇ ವರ್ಷಕ್ಕೆ ಪ್ರವೇಶವನ್ನು ಅರ್ಧದಷ್ಟು ಹೆಚ್ಚಿಸಿದರು, ಏರಿಕೆ ನಿಲ್ಲಲಿಲ್ಲ. 2019ರಲ್ಲಿ ಪ್ರಮಾಣ ಶೇ. 50 ದಾಟಿತು, 2023ರಲ್ಲಿ ಶೇ. 60. ಹಳ್ಳಿಯ ಲಕ್ಷಾಂತರ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು ತಮ್ಮ ಮನೆತನದ ಮೊದಲ ಪದವೀಧರರಾದದ್ದು ಈ ವಿಸ್ತರಣೆಯಿಂದಲೇ. ಅದು ದೊಡ್ಡ ಸಾಧನೆ, ಅನುಮಾನವಿಲ್ಲ.

ಆದರೆ ಸೀಟು ಎಲ್ಲರಿಗೂ ಎಟುಕುವ ಹೊತ್ತಿಗೆ ಪೈಪೋಟಿ ಯಾವ ಸೀಟು ಎಂಬಲ್ಲಿಗೆ ಸರಿಯುತ್ತದೆ. ಅಮೆರಿಕದ ಸಮಾಜಶಾಸ್ತ್ರಜ್ಞ ಸ್ಯಾಮ್ಯುಯೆಲ್ ಲ್ಯೂಕಸ್ 2001ರಲ್ಲಿ ವಿವರಿಸಿದ್ದು ಇದನ್ನೇ: ಒಂದು ಮಟ್ಟದ ಶಿಕ್ಷಣ ಎಲ್ಲರದ್ದಾದಾಗ ಅನುಕೂಲಸ್ಥರು ಅದೇ ಮಟ್ಟದೊಳಗಿನ ಉತ್ತಮ ಭಾಗವನ್ನು ಹಿಡಿದುಕೊಳ್ಳುತ್ತಾರೆ. ಚೀನಾದಲ್ಲಿ ಹೊಸ ಸೀಟುಗಳು ಹೆಚ್ಚಾಗಿ ಬಂದದ್ದು ಪ್ರಾಂತೀಯ ಕಾಲೇಜು, ಡಿಪ್ಲೊಮಾ ಕಾಲೇಜು, ಖಾಸಗಿ ಕಾಲೇಜುಗಳಲ್ಲಿ. ಪೀಕಿಂಗ್ ವಿಶ್ವವಿದ್ಯಾಲಯದ ಲಿಯು ಯುನ್‌ಶಾನ್ ತಮ್ಮ ಸಂಸ್ಥೆಯ ದಾಖಲೆಗಳನ್ನೇ ಪರಿಶೀಲಿಸಿದಾಗ, 1978ರಿಂದ 1998ರವರೆಗೆ ಹಳ್ಳಿಯ ವಿದ್ಯಾರ್ಥಿಗಳು ಸುಮಾರು ಶೇ. 30ರಷ್ಟಿದ್ದರು, 2000ದ ನಂತರ ಶೇ. 10ರಿಂದ 15ಕ್ಕೆ ಇಳಿದಿದ್ದರು. ದೇಶದಲ್ಲಿ ಸೀಟು ಏರುತ್ತಿದ್ದ ಕಾಲದಲ್ಲೇ ಆದ ಇಳಿತ ಇದು. 2009ರಲ್ಲಿ ಆಗಿನ ಪ್ರಧಾನಿ ವೆನ್ ಜಿಯಾಬಾವೊ ಕೂಡ, ತಾವು ಓದುವಾಗ ತರಗತಿಯಲ್ಲಿ ಹಳ್ಳಿಯವರೇ ಹೆಚ್ಚಿದ್ದರು, ಈಗ ಆ ಪಾಲು ಕುಗ್ಗಿದೆ ಎಂದು ಬಹಿರಂಗವಾಗಿ ಹೇಳಿದರು.

ದುಡ್ಡಿನ ಲೆಕ್ಕವೂ ಉಲ್ಟಾ. ಒಳ್ಳೆಯ ಸರ್ಕಾರಿ ವಿಶ್ವವಿದ್ಯಾಲಯದ ಶುಲ್ಕ ವರ್ಷಕ್ಕೆ ಸಾಮಾನ್ಯವಾಗಿ 5,000 ಯುವಾನ್ ಆಸುಪಾಸು. ಕಡಿಮೆ ಅಂಕಕ್ಕೆ ಸಿಗುವ ಖಾಸಗಿ ಕಾಲೇಜಿನಲ್ಲಿ 20ರಿಂದ 30 ಸಾವಿರ. 2023ರಲ್ಲಿ ಹಳ್ಳಿಯ ಒಬ್ಬ ವ್ಯಕ್ತಿಯ ಸರಾಸರಿ ವಾರ್ಷಿಕ ಆದಾಯ 21,691 ಯುವಾನ್, ನಗರದಲ್ಲಿ 51,821. ಅಂದರೆ ಹಿಂದುಳಿದ ಶಾಲೆಯಲ್ಲಿ ಓದಿ ಕಡಿಮೆ ಅಂಕ ಪಡೆದವರೇ ಹೆಚ್ಚು ತೆರಬೇಕು. ಸರ್ಕಾರಿ ಶಿಕ್ಷಣ ಸಾಲದ ಮಿತಿಯನ್ನು 2024ರಲ್ಲಿ ಪದವಿಗೆ ವರ್ಷಕ್ಕೆ 20,000 ಯುವಾನ್‌ಗೆ ಏರಿಸಿದ್ದರಿಂದ ಈ ಭಾರ ಕೊಂಚ ಇಳಿದಿದೆ.

ಫಲಿತಾಂಶದ ನಂತರದ ಪರೀಕ್ಷೆ

ಜೂನ್ ಕೊನೆಯ ವಾರದಲ್ಲಿ ಅಂಕ ಬರುತ್ತದೆ. ನಂತರ ಕೆಲವೇ ದಿನಗಳಲ್ಲಿ ಆಪ್ಷನ್ ಎಂಟ್ರಿ ಮುಗಿಸಬೇಕು. ಹಳ್ಳಿಯ ಮಕ್ಕಳು ಕಷ್ಟಪಟ್ಟು ಗಳಿಸಿದ ಅಂಕ ಸೋರಿಹೋಗುವುದು ಇಲ್ಲಿ.

ಪಟ್ಟಿಯ ಉದ್ದವೇ ಗಾಬರಿ ಹುಟ್ಟಿಸುತ್ತದೆ. ಶಾನ್‌ಡಾಂಗ್, ಹೆಬೈಯಲ್ಲಿ 96 ಆಯ್ಕೆಗಳನ್ನು ತುಂಬಬಹುದು. ಗುವಾಂಗ್‌ಡಾಂಗ್‌ನಲ್ಲಿ 45 ಗುಂಪುಗಳು (ಗುಂಪೆಂದರೆ ಒಂದೇ ಕಾಲೇಜಿನ ಕೆಲವು ಕೋರ್ಸುಗಳು), ಪ್ರತಿ ಗುಂಪಿನಲ್ಲಿ 6 ಕೋರ್ಸು. ಕಂಪ್ಯೂಟರ್ ಅಭ್ಯರ್ಥಿಗಳನ್ನು ರ್ಯಾಂಕ್ ಕ್ರಮದಲ್ಲಿ ಒಬ್ಬೊಬ್ಬರನ್ನಾಗಿ ತೆಗೆದುಕೊಂಡು, ಅವರ ಪಟ್ಟಿಯನ್ನು ಮೇಲಿನಿಂದ ಓದುತ್ತ, ಮೊದಲು ಖಾಲಿ ಕಂಡ ಕಡೆಗೆ ಅವರ ಕಡತವನ್ನು ಕಳಿಸುತ್ತದೆ. ಮುಖ್ಯ ವಿಷಯವೆಂದರೆ, ಆ ಸುತ್ತಿನಲ್ಲಿ ಕಡತ ಒಮ್ಮೆ ಮಾತ್ರ ಹೋಗುತ್ತದೆ. ಗುಂಪು ಪದ್ಧತಿಯಲ್ಲಿ ಕಡತ ತಲುಪಿದ ಮೇಲೆ ಕೇಳಿದ ಆರೂ ಕೋರ್ಸು ತುಂಬಿದ್ದರೆ, ಬೇರೆ ಕೋರ್ಸಿಗೆ ಹೊಂದಿಕೊಳ್ಳುತ್ತೇನೆ ಎಂಬ ಚೌಕಕ್ಕೆ ಗುರುತು ಹಾಕದಿದ್ದರೆ, ಕಡತ ವಾಪಸು ಬರುತ್ತದೆ. ಪಟ್ಟಿಯಲ್ಲಿ ಕೆಳಗಿದ್ದ ಉಳಿದ ಆಯ್ಕೆಗಳೆಲ್ಲ ಆ ಕ್ಷಣಕ್ಕೆ ಸತ್ತಂತೆ. ಅಳಿದುಳಿದ ಸೀಟುಗಳ ಸುತ್ತಿಗೆ ಅಥವಾ ಕೆಳಗಿನ ದರ್ಜೆಗೆ ಇಳಿಯಬೇಕು. ಬಣ್ಣಗುರುಡು ಇರುವ ಮಗು ರಸಾಯನಶಾಸ್ತ್ರ, ವೈದ್ಯಕೀಯ ಬರೆದರೂ ಇದೇ ಆಗಬಹುದು. ನಿಯಮ ಕಾಲೇಜಿನ ಪ್ರವೇಶ ಕೈಪಿಡಿಯಲ್ಲಿ ಸಣ್ಣಕ್ಷರದಲ್ಲಿ ಇರುತ್ತದೆ.

ಬಲ್ಲವರು ಅಂಕ ನೋಡುವುದಿಲ್ಲ, ರ್ಯಾಂಕ್ ನೋಡುತ್ತಾರೆ. ಪ್ರಶ್ನೆಪತ್ರಿಕೆ ಸುಲಭವಾದ ವರ್ಷ 600 ಅಂಕಕ್ಕೂ ಕಷ್ಟವಾದ ವರ್ಷ 600 ಅಂಕಕ್ಕೂ ಸಂಬಂಧವಿಲ್ಲ. ಪ್ರಾಂತ್ಯ ಪ್ರಕಟಿಸುವ, ಪ್ರತಿ ಅಂಕಕ್ಕೆ ಎಷ್ಟು ಜನ ಎಂಬ ಪಟ್ಟಿಯಲ್ಲಿ ತಮ್ಮ ರ್ಯಾಂಕ್ ಹುಡುಕಿ, ಹಿಂದಿನ ಮೂರು ವರ್ಷಗಳಲ್ಲಿ ಅದೇ ರ್ಯಾಂಕಿಗೆ ಯಾವ ಕೋರ್ಸು ಸಿಕ್ಕಿತ್ತು ಎಂದು ನೋಡಿ, ಕೆಲವನ್ನು ಸ್ವಲ್ಪ ಮೇಲೆ, ಹೆಚ್ಚಿನವನ್ನು ಸಮಕ್ಕೆ, ಕೊನೆಯ ಕೆಲವನ್ನು ಖಂಡಿತ ಸಿಗುವಷ್ಟು ಕೆಳಗೆ ಇಡಬೇಕು. ಶುಲ್ಕದ ಕಲಮನ್ನು ಬಿಡದೆ ಓದಬೇಕು, ಏಕೆಂದರೆ ವಿದೇಶಿ ಸಹಯೋಗದ ಕೋರ್ಸಿಗೆ ಅದೇ ಕಾಲೇಜಿನಲ್ಲಿ ಹಲವು ಪಟ್ಟು ಶುಲ್ಕ ಇರುತ್ತದೆ. ಪದವೀಧರ ಹೆತ್ತವರಿಗೆ ಇದು ಒಂದು ವಾರದ ಕೆಲಸ. ಸಾವಿರಾರು ಯುವಾನ್ ಕೊಟ್ಟು ಸಲಹೆಗಾರರನ್ನು ಇಡುವವರೂ ಇದ್ದಾರೆ. ಮನೆಯಲ್ಲಿ ಯಾರೂ ಕಾಲೇಜು ಮೆಟ್ಟಿಲು ಹತ್ತದ ಹುಡುಗಿ ಶಾಲೆಯ ಒಬ್ಬ ಮೇಷ್ಟ್ರ ಸಲಹೆಯ ಮೇಲೆ, ಸೀಟು ತಪ್ಪೀತೆಂಬ ಭಯದಿಂದ, ತನ್ನ ರ್ಯಾಂಕಿಗಿಂತ ಬಹಳ ಕೆಳಗಿನ ಕಾಲೇಜು ಬರೆಯುತ್ತಾಳೆ.

ಅಂಕವನ್ನೇ ಕದ್ದದ್ದೂ ಉಂಟು. 2020ರಲ್ಲಿ ಶಾನ್‌ಡಾಂಗ್‌ನಲ್ಲಿ, 2004ರಲ್ಲಿ ಪರೀಕ್ಷೆ ಬರೆದಿದ್ದ ರೈತರ ಮಗಳ ಹೆಸರು ಮತ್ತು ಅಂಕದ ಮೇಲೆ ಬೇರೊಬ್ಬಳು ಕಾಲೇಜು ಮುಗಿಸಿದ್ದು ಬೆಳಕಿಗೆ ಬಂತು. ತನಗೆ ಸೀಟು ಸಿಗಲಿಲ್ಲವೆಂದೇ ನಂಬಿ ಆಕೆ ಕೂಲಿಗೆ ಹೋಗಿದ್ದಳು. ಪ್ರವೇಶಪತ್ರ, ಹುಕೌ ದಾಖಲೆ, ಶಾಲಾ ಕಡತ ಹಲವರ ಕೈ ದಾಟದೆ ಇದು ಸಾಧ್ಯವಿರಲಿಲ್ಲ. 2021ರ ಮಾರ್ಚ್‌ನಿಂದ ಇನ್ನೊಬ್ಬರ ಹೆಸರಿನಲ್ಲಿ ಕಾಲೇಜು ಸೇರುವುದು ಮೂರು ವರ್ಷದವರೆಗೆ ಜೈಲಾಗುವ ಅಪರಾಧ.

ತಿದ್ದುವ ಪ್ರಯತ್ನಗಳು

2012ರಲ್ಲಿ ಬಡ ಕೌಂಟಿಗಳಿಗೆಂದು 10 ಸಾವಿರ ಮೀಸಲು ಸೀಟುಗಳೊಂದಿಗೆ ರಾಷ್ಟ್ರೀಯ ವಿಶೇಷ ಯೋಜನೆ ಆರಂಭವಾಯಿತು. 2014ರಲ್ಲಿ ವಿಶ್ವವಿದ್ಯಾಲಯಗಳ ಮತ್ತು ಪ್ರಾಂತ್ಯಗಳ ಯೋಜನೆಗಳೂ ಸೇರಿದವು. ಈಗ ಮೂರೂ ಸೇರಿ ವರ್ಷಕ್ಕೆ ಲಕ್ಷ ಮೀರಿ ಸೀಟು. ರಾಷ್ಟ್ರೀಯ ಯೋಜನೆಗೆ ಅಭ್ಯರ್ಥಿಯ ಹುಕೌ ಸತತ ಮೂರು ವರ್ಷ ಆ ಕೌಂಟಿಯಲ್ಲಿರಬೇಕು, ಹೆತ್ತವರಲ್ಲಿ ಅಥವಾ ಪೋಷಕರಲ್ಲಿ ಒಬ್ಬರ ಹುಕೌ ಅಲ್ಲಿರಬೇಕು, ಅಲ್ಲಿನ ಪ್ರೌಢಶಾಲೆಯಲ್ಲೇ ಮೂರು ವರ್ಷ ನಿಜವಾಗಿ ಓದಿರಬೇಕು. ಈ ಷರತ್ತುಗಳು ಹೊರಗಿನವರ ನುಸುಳುವಿಕೆಯನ್ನು ತಡೆಯುತ್ತವೆ. ಆದರೆ ಈ ಯೋಜನೆ ಅಳೆಯುವುದು ಕೌಂಟಿಯನ್ನು, ಕುಟುಂಬವನ್ನಲ್ಲ. ಬಡ ಕೌಂಟಿಯ ಪಟ್ಟಣದಲ್ಲಿರುವ ಅಧಿಕಾರಿಯ ಮಗನೂ ಅರ್ಹ, ಮತ್ತು ಮಾಹಿತಿ ಮೊದಲು ಮುಟ್ಟುವುದು ಅವನಿಗೇ. ಹನ್ನೆರಡನೇ ತರಗತಿ ತಲುಪಿದವರಿಗೆ ಮಾತ್ರ ಇದು ಸಿಗುವುದರಿಂದ ಝೋಂಗ್‌ಕಾವ್‌ನಲ್ಲಿ ಕಳಚಿಹೋದವರಿಗೆ ಉಪಯೋಗವಿಲ್ಲ. ಅವರಿಗೆ ನೆರವಾಗುವುದು ಇನ್ನೊಂದು, ಅಷ್ಟೇನೂ ಸುದ್ದಿಯಾಗದ ನಿಯಮ: ಹೆಸರಾಂತ ಪ್ರೌಢಶಾಲೆಗಳ ಸೀಟುಗಳಲ್ಲಿ ದೊಡ್ಡ ಪಾಲನ್ನು ಸುತ್ತಲಿನ ಪ್ರತಿ ಮಾಧ್ಯಮಿಕ ಶಾಲೆಗೂ ಮೊದಲೇ ಹಂಚಿಬಿಡುವುದು. ಹಳ್ಳಿ ಶಾಲೆಯಲ್ಲಿ ಮೊದಲು ಬಂದವರಿಗೆ ಆ ಪಾಲು ಸಿಗುತ್ತದೆ. ನನ್ನ ಮಟ್ಟಿಗೆ, ಖರ್ಚಿಲ್ಲದ ಕ್ರಮಗಳಲ್ಲಿ ಇದಕ್ಕಿಂತ ಪರಿಣಾಮಕಾರಿ ಬೇರೊಂದಿಲ್ಲ.

ಪ್ರಾಂತ್ಯಗಳ ನಡುವಿನ ಹಂಚಿಕೆಯನ್ನು ಮುಟ್ಟುವುದು ಮಾತ್ರ ಕಠಿಣ. 2016ರಲ್ಲಿ ಸಚಿವಾಲಯ 12 ಪ್ರಾಂತ್ಯ ಮತ್ತು ನಗರಗಳಿಂದ ಒಟ್ಟು 1.6 ಲಕ್ಷ ಸೀಟುಗಳನ್ನು ಮಧ್ಯ ಹಾಗೂ ಪಶ್ಚಿಮ ಭಾಗದ ವಿದ್ಯಾರ್ಥಿಗಳಿಗೆ ಬಿಟ್ಟುಕೊಡಲು ಹೇಳಿತು. ಹುಬೈ 40 ಸಾವಿರ, ಜಿಯಾಂಗ್ಸು 38 ಸಾವಿರ ಕೊಡಬೇಕಿತ್ತು. ಮೇ ತಿಂಗಳಲ್ಲಿ ನಾನ್‌ಜಿಂಗ್, ವುಹಾನ್ ಮೊದಲಾದ ಊರುಗಳಲ್ಲಿ ಹೆತ್ತವರು ಶಿಕ್ಷಣ ಇಲಾಖೆಯ ಕಚೇರಿಗಳ ಮುಂದೆ ನೆರೆದರು. ಸ್ಥಳೀಯ ಮಕ್ಕಳ ಪ್ರವೇಶ ಪ್ರಮಾಣ ಇಳಿಯುವುದಿಲ್ಲ ಎಂದು ಅಧಿಕಾರಿಗಳು ಭರವಸೆ ಕೊಡಬೇಕಾಯಿತು. ಇದ್ದ ಸೀಟನ್ನು ಒಬ್ಬರಿಂದ ಕಿತ್ತು ಇನ್ನೊಬ್ಬರಿಗೆ ಕೊಡುವುದಕ್ಕಿಂತ ಹೊಸ ಸೀಟು ಸೇರಿಸುವುದು ಸರ್ಕಾರಕ್ಕೆ ಸುಲಭದ ಹಾದಿ. ಉನ್ನತ ದರ್ಜೆಯ ವಿಶ್ವವಿದ್ಯಾಲಯಗಳಲ್ಲಿ 2024ರಲ್ಲಿ 16 ಸಾವಿರ ಪದವಿ ಸೀಟು ಹೆಚ್ಚಿಸಿ, 2025ಕ್ಕೆ ಇನ್ನೂ 20 ಸಾವಿರದ ಗುರಿ ಇಟ್ಟರು. ಆ ವರ್ಷ ಗಾವ್‌ಕಾವ್‌ಗೆ ಹೆಸರು ಕೊಟ್ಟವರು 1.33 ಕೋಟಿಗೂ ಹೆಚ್ಚು.